ಕುರ್‌ಆನಿನಲ್ಲಿ ಲೆಕ್ಕ ಹುಡುಕುವವರಿಗೆ: ಎಣಿಸುವ ಮೊದಲು, ಎಣಿಸುವಾಗ, ಎಣಿಸಿದ ಮೇಲೆ

ಆಟೊ ಹಿಂದೆ, ಲಾರಿಯ ಹಣೆಯ ಮೇಲೆ, ಅಂಗಡಿಯ ಗಲ್ಲಾದ ಮೇಲೆ 786 ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. ಅದು ಎಲ್ಲಿಂದ ಬಂತು? ಈ ಲೇಖನದ ಮೊದಲ ಲೆಕ್ಕ ಅದೇ ಆಗಲಿ. ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಸಾಕು.

ಅರಬ್ಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ ಕೊಡುವ ಹಳೆಯ ಪದ್ಧತಿ ಇದೆ. ಅದಕ್ಕೆ ಅಬ್ಜದ್ ಎನ್ನುತ್ತಾರೆ. ಕುರ್‌ಆನಿನ ಆರಂಭದ ಮಾತು ‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’, ಚಿಕ್ಕದಾಗಿ ಬಿಸ್ಮಿಲ್ಲಾ. ಅದನ್ನು ಬರೆದಾಗ ನಾಲ್ಕು ಪದ. ‘ಬಿಸ್ಮ್’ನಲ್ಲಿ ಬಾ 2, ಸೀನ್ 60, ಮೀಮ್ 40. ಒಟ್ಟು 102. ‘ಅಲ್ಲಾಹ್’ನಲ್ಲಿ ಅಲಿಫ್ 1, ಲಾಮ್ 30, ಇನ್ನೊಂದು ಲಾಮ್ 30, ಹಾ 5. ಒಟ್ಟು 66. ‘ಅರ್ರಹ್ಮಾನ್’ 329, ‘ಅರ್ರಹೀಮ್’ 289. ನಾಲ್ಕನ್ನೂ ಕೂಡಿಸಿ, 786 ಬಂತು.

ಈಗ ಅದನ್ನು 19ರಿಂದ ಭಾಗಿಸಿ. ಕುರ್‌ಆನ್ 19ರ ಮೇಲೆ ಹೆಣೆದಿದೆ ಎಂದು ಹೇಳಿದವರಿದ್ದಾರೆ, ಆ ಕಥೆ ಮುಂದೆ ಬರುತ್ತದೆ. 7 ಶೇಷ ಉಳಿಯುತ್ತದೆ. ಆಮೇಲೆ ಮೊರಾಕೊ ಕಡೆ ಬಳಕೆಯಲ್ಲಿದ್ದ ಅಬ್ಜದ್ ಕೋಷ್ಟಕ ತೆಗೆದುಕೊಳ್ಳಿ. ಅಲ್ಲಿ ಕೆಲವು ಅಕ್ಷರಗಳ ಬೆಲೆ ಬೇರೆ. ಸೀನ್‌ಗೆ ಅಲ್ಲಿ 300. ಬಿಸ್ಮಿಲ್ಲಾದ ಉಳಿದ ಅಕ್ಷರಗಳ ಬೆಲೆ ಬದಲಾಗುವುದಿಲ್ಲ. 786ರಿಂದ 60 ಕಳೆದು 300 ಕೂಡಿಸಿದರೆ 1026. ಅದು 19 × 54. ಶೇಷ ಸೊನ್ನೆ!

ಮೊದಲ ಸಲ ಇದನ್ನು ಕೂಡಿಸಿದಾಗ ನನಗೆ ಮೈ ಜುಮ್ಮೆಂದಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ಪ್ರಶ್ನೆ ಎದ್ದಿತು. ನಾನು ಎರಡನೇ ಕೋಷ್ಟಕಕ್ಕೆ ಹೋಗಿದ್ದೇಕೆ? ಮೊದಲನೆಯದರಲ್ಲಿ ಬರಲಿಲ್ಲ ಅಂತ ತಾನೇ? ಮೊದಲನೆಯದರಲ್ಲೇ ಬಂದಿದ್ದರೆ ಎರಡನೆಯದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಈ ಹುಡುಕಾಟದಲ್ಲಿ ಕಾಯ್ದುಕೊಳ್ಳಬೇಕಾದ್ದು ಒಂದೇ. ಏನನ್ನು ಎಣಿಸುತ್ತೀರಿ, ಹೇಗೆ ಎಣಿಸುತ್ತೀರಿ ಎಂದು ಎಣಿಸುವ ಮೊದಲೇ ಬರೆದಿಡಿ. ಉತ್ತರ ನೋಡಿದ ಮೇಲೆ ನಿಯಮ ಬದಲಿಸಬೇಡಿ. ಕುರ್‌ಆನ್ ಕೋಟ್ಯಂತರ ಜನರ ಎದೆಯಲ್ಲಿರುವ ಗ್ರಂಥ. ಅದರ ಬಗ್ಗೆ ಒಂದು ಸಂಖ್ಯೆ ಹೇಳುವಾಗ ಅದು ಸರಿಯಾಗಿರಬೇಕು. ನಂಬುವವರಿಗೂ ಇದು ಮುಖ್ಯ, ಪರೀಕ್ಷಿಸುವವರಿಗೂ ಮುಖ್ಯ.

ಯಾವ ಪ್ರತಿ ಕೈಯಲ್ಲಿದೆ?

ಕುರ್‌ಆನಿನಲ್ಲಿ 114 ಸೂರಾಗಳು, ಅಂದರೆ ಅಧ್ಯಾಯಗಳು, ಇವೆ. ಅದರಲ್ಲಿ ತಕರಾರಿಲ್ಲ. ಆಯತ್‌ಗಳು, ಅಂದರೆ ವಚನಗಳು, ಎಷ್ಟು ಎಂದು ಕೇಳಿದರೆ ಹೆಚ್ಚಿನವರು 6236 ಎನ್ನುತ್ತಾರೆ. ಕೆಲವರು 6666 ಎಂದೂ ಹೇಳುವುದುಂಟು. ಅದು ಬಾಯಿಮಾತಿನಲ್ಲಿ ಹಬ್ಬಿದ ಸಂಖ್ಯೆ, ಕೈಯಲ್ಲಿರುವ ಪ್ರತಿಯಲ್ಲಿ ಎಣಿಸಿದರೆ ಅಷ್ಟು ಬರುವುದಿಲ್ಲ.

6236 ಎಂಬುದು ಇರಾಕಿನ ಕೂಫಾ ಊರಿನ ಎಣಿಕೆ. 1924ರಲ್ಲಿ ಕೈರೊದಲ್ಲಿ ಅಚ್ಚಾದ ಪ್ರತಿ ಇದನ್ನೇ ಅನುಸರಿಸಿತು. ಹಫ್ಸ್ ಎಂಬ ಪಾಠದ (ಓದುವ ಪದ್ಧತಿಯ) ಪ್ರತಿಗಳಲ್ಲಿ, ಅಂದರೆ ನಮ್ಮ ಮಸೀದಿ, ಮದರಸಾಗಳಲ್ಲಿ ಸಿಗುವ ಪ್ರತಿಗಳಲ್ಲಿ, ಸಾಮಾನ್ಯವಾಗಿ ಇದೇ ಎಣಿಕೆ. ಉತ್ತರ ಆಫ್ರಿಕಾದಲ್ಲಿ ಓದುವ ವರ್ಶ್ ಪಾಠದ ಪ್ರತಿಗಳಲ್ಲಿ ಮದೀನಾದ ಎಣಿಕೆ ಇರುತ್ತದೆ. ಅಲ್ಲಿ ಒಟ್ಟು 6214. ಹಾಗಂತ ಅಲ್ಲಿ ಮಾತು ಕಡಿಮೆಯಾಗಿಲ್ಲ. ಆಯತ್ ಎಲ್ಲಿ ಮುಗಿಯುತ್ತದೆ ಎಂಬ ಗುರುತಷ್ಟೇ ಬೇರೆ.

ಹತ್ತಿರದಿಂದ ನೋಡಬೇಕೆಂದರೆ ಮೊದಲ ಸೂರಾ ಅಲ್‌ಫಾತಿಹಾ ತೆಗೆಯಿರಿ. ಎಲ್ಲಾ ಎಣಿಕೆಯಲ್ಲೂ ಅದರಲ್ಲಿ 7 ಆಯತ್. ಆದರೆ ಆ ಏಳು ಬೇರೆ ಬೇರೆ ಏಳು! ಕೂಫಾ ಎಣಿಕೆಯಲ್ಲಿ ಬಿಸ್ಮಿಲ್ಲಾ ಒಂದನೇ ಆಯತ್, ‘ಸಿರಾತಲ್ಲದೀನ’ದಿಂದ ಕೊನೆಯವರೆಗೆ ಏಳನೆಯದು. ಮದೀನಾ ಎಣಿಕೆಯಲ್ಲಿ ಬಿಸ್ಮಿಲ್ಲಾಗೆ ಸಂಖ್ಯೆ ಇಲ್ಲ. ಅಲ್ಲಿ ‘ಅನ್‌ಅಮ್ತ ಅಲೈಹಿಮ್’ ಎಂಬಲ್ಲಿ ಒಂದು ಆಯತ್ ಮುಗಿಯುತ್ತದೆ, ಉಳಿದದ್ದು ಏಳನೆಯದು. ಮುಂದಿನ ಸೂರಾ ಅಲ್‌ಬಕರಾ ಕೂಫಾದಲ್ಲಿ 286, ಮದೀನಾದಲ್ಲಿ 285, ಬಸ್ರಾದಲ್ಲಿ 287.

ಅಂದರೆ ‘ಆಯತ್ ಸಂಖ್ಯೆ’ಯ ಮೇಲೆ ನಿಂತ ಯಾವ ಲೆಕ್ಕವೇ ಆಗಲಿ, ಅದು ಒಂದು ಎಣಿಕೆಯ ಸಂಪ್ರದಾಯದ ಲೆಕ್ಕ. ನಿಮ್ಮ ಹಾಳೆಯ ಮೇಲೆ ಮೊದಲ ಸಾಲಾಗಿ ಹೀಗೆ ಬರೆಯಿರಿ: ‘ಹಫ್ಸ್ ಪಾಠ, ಕೂಫಾ ಎಣಿಕೆ, 6236.’ ಆಮೇಲೆ ಅದನ್ನು ಬಿಟ್ಟು ಆಚೀಚೆ ಹೋಗಬೇಡಿ.

ಕನ್ನಡ ಅನುವಾದದಲ್ಲಿ ಪದ ಎಣಿಸಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಅರಬ್ಬಿ ಪದಕ್ಕೆ ಅನುವಾದಕರು ಸಂದರ್ಭ ನೋಡಿ ನಾಲ್ಕು ಕನ್ನಡ ಪದ ಹಾಕಿರುತ್ತಾರೆ.

ಅಕ್ಷರ ಅಂದರೆ ಯಾವುದು?

‘ಅಣ್ಣ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಎರಡು ಎಂದು ಮಕ್ಕಳೂ ಹೇಳುತ್ತಾರೆ. ಬಿಡಿಸಿ ಬರೆದರೆ ಅ, ಣ್, ಣ್, ಅ, ನಾಲ್ಕು. ಎರಡೂ ಸರಿ. ಯಾವುದನ್ನು ಎಣಿಸುತ್ತಿದ್ದೇವೆ ಎಂದು ಹೇಳಬೇಕು ಅಷ್ಟೆ.

ಅರಬ್ಬಿಯಲ್ಲೂ ಇದೇ ಕಥೆ. ‘ರಬ್ಬ್’ ಎಂದು ಉಚ್ಚರಿಸುವಾಗ ಬಕಾರ ಎರಡು ಸಲ ಕೇಳಿಸುತ್ತದೆ. ಬರೆಯುವಾಗ ಒಂದೇ ಬಾ, ಅದರ ಮೇಲೆ ಶದ್ದಾ ಎಂಬ ಗುರುತು. ದೀರ್ಘದ ಕಥೆ ಇನ್ನೂ ಸೂಕ್ಷ್ಮ. ಫಾತಿಹಾದ ‘ಆಲಮೀನ್’ ಎಂಬ ಪದಕ್ಕೆ ಕುರ್‌ಆನಿನ ಹಳೆಯ ಬರವಣಿಗೆಯಲ್ಲಿ (ಅದಕ್ಕೆ ಉಸ್ಮಾನೀ ಬರವಣಿಗೆ ಎನ್ನುತ್ತಾರೆ) ದೀರ್ಘದ ಅಲಿಫ್ ಪೂರ್ತಿ ಬರೆಯುವುದಿಲ್ಲ, ಮೇಲೆ ಒಂದು ಚಿಕ್ಕ ಗೆರೆ ಇರುತ್ತದೆ. ಇವತ್ತಿನ ಸಾಮಾನ್ಯ ಅರಬ್ಬಿ ಬರವಣಿಗೆಯಲ್ಲಿ ಅದೇ ಪದಕ್ಕೆ ಪೂರ್ತಿ ಅಲಿಫ್ ಬರುತ್ತದೆ. ಹೀಗೆ ಪದ ಪದಕ್ಕೂ ಆಗುತ್ತಾ ಹೋದರೆ ಅಲಿಫ್‌ನ ಎಣಿಕೆ ಎರಡು ಪ್ರತಿಗಳ ನಡುವೆ ತುಂಬಾ ದೂರ ಹೋಗುತ್ತದೆ.

ಹಿಂದಿನವರಿಗೂ ಇದು ಗೊತ್ತಿತ್ತು. 14ನೇ ಶತಮಾನದ ಇಬ್ನ್ ಕಸೀರ್ ತಮ್ಮ ವ್ಯಾಖ್ಯಾನದ ಪೀಠಿಕೆಯಲ್ಲಿ ಹಳೆಯವರ ಅಕ್ಷರ ಎಣಿಕೆಗಳನ್ನು ಒಟ್ಟಿಗೆ ಕೊಡುತ್ತಾರೆ. ಒಂದು ಕಡೆ 3,21,180, ಇನ್ನೊಂದು ಕಡೆ 3,40,740. ಎಣಿಸಿದವರು ಕುರ್‌ಆನನ್ನು ಬಾಯಿಪಾಠ ಬಲ್ಲ ವಿದ್ವಾಂಸರು. ಇಷ್ಟು ಅಂತರ ಬರಲು ಎಣಿಸುವ ನಿಯಮವೇ ಬೇರೆ ಇದ್ದಿರಬೇಕು.

ಬಿಸ್ಮಿಲ್ಲಾದಲ್ಲಿ 19 ಅಕ್ಷರ ಎಂಬ ಮಾತನ್ನು ಈ ದೃಷ್ಟಿಯಿಂದ ನೋಡಿ. ಕುರ್‌ಆನಿನಲ್ಲಿ ಬರೆದಿರುವಂತೆ ಎಣಿಸಿದರೆ 3 + 4 + 6 + 6, ಒಟ್ಟು 19. ಸರಿಯಾಗಿದೆ. ‘ರಹ್ಮಾನ್’ನ ದೀರ್ಘಕ್ಕೆ ಪೂರ್ತಿ ಅಲಿಫ್ ಹಾಕಿದರೆ 20. ಆದ್ದರಿಂದ ಹಾಳೆಯ ಎರಡನೇ ಸಾಲು ಹೀಗಿರಲಿ: ‘ಉಸ್ಮಾನೀ ಬರವಣಿಗೆ. ಬರೆದ ಅಕ್ಷರ ಮಾತ್ರ. ಶದ್ದಾ, ಚಿಕ್ಕ ಅಲಿಫ್ ಎಣಿಕೆಗಿಲ್ಲ.’ ಒಮ್ಮೆ ಅಕ್ಷರದಂತೆ, ಒಮ್ಮೆ ಗುರುತಿನಂತೆ ಬರುವ ಹಮ್ಜಾವನ್ನು ಏನು ಮಾಡುತ್ತೀರಿ ಎಂಬುದನ್ನೂ ಅಲ್ಲೇ ಬರೆದುಬಿಡಿ. ಆಮೇಲೆ ಗೊಂದಲವಾಗುವುದು ಅದರಲ್ಲೇ.

ಪಠ್ಯ ತಂದು ಶೀಟಿನಲ್ಲಿ ಹಾಕುವುದು

ಕೈಯಲ್ಲಿ ಎಣಿಸಿದರೆ ಕಣ್ಣು ತಪ್ಪುತ್ತದೆ. ಚಿಕ್ಕ ಸೂರಾಗಳನ್ನು ಒಮ್ಮೆ ಕೈಯಲ್ಲಿ ಎಣಿಸಿ, ಅದರ ರುಚಿಯೇ ಬೇರೆ. ದೊಡ್ಡದಕ್ಕೆ ಕಂಪ್ಯೂಟರ್ ಬೇಕು.

ತಂಝೀಲ್ ಎಂಬ ಯೋಜನೆ 2007ರಿಂದ ಕುರ್‌ಆನಿನ ಪಠ್ಯವನ್ನು ಎಚ್ಚರದಿಂದ ತಿದ್ದಿ ಉಚಿತವಾಗಿ ಕೊಡುತ್ತಿದೆ. ಒಂದು ಸಾಲಿಗೆ ಒಂದು ಆಯತ್ ಇರುವ ಫೈಲ್ ಸಿಗುತ್ತದೆ. ಅದರಲ್ಲಿ ‘ಸಿಂಪಲ್’ ಎಂಬ ಬಗೆ ಇಂದಿನ ಬರವಣಿಗೆ, ‘ಉಸ್ಮಾನಿ’ ಎಂಬ ಬಗೆ ಹಳೆಯ ಬರವಣಿಗೆ. ನಿಮ್ಮ ಹಾಳೆಯಲ್ಲಿ ಬರೆದದ್ದನ್ನೇ ಇಳಿಸಿಕೊಳ್ಳಿ. ಪದಗಳ ಕೆಲಸಕ್ಕೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಖುರಾನಿಕ್ ಅರೇಬಿಕ್ ಕಾರ್ಪಸ್ ಇದೆ. 77,430 ಪದಗಳಿಗೂ ಅಲ್ಲಿ ವ್ಯಾಕರಣ ಬಿಡಿಸಿ ಕೊಟ್ಟಿದ್ದಾರೆ. ಒಂದು ಧಾತು ಒತ್ತಿದರೆ ಅದು ಬಂದ ಜಾಗಗಳೆಲ್ಲ ಸಾಲಾಗಿ ತೆರೆದುಕೊಳ್ಳುತ್ತವೆ.

ಒಂದು ಕಡೆ ಎಚ್ಚರ ಬೇಕು. ತಂಝೀಲ್ ಫೈಲಿನಲ್ಲಿ ಸೂರಾದ ಮೊದಲ ಆಯತ್‌ಗೆ ಬಿಸ್ಮಿಲ್ಲಾ ಅಂಟಿಕೊಂಡು ಬರುತ್ತದೆ. 9ನೇ ಸೂರಾಗೆ ಬಿಸ್ಮಿಲ್ಲಾ ಇಲ್ಲ, 1ನೇ ಸೂರಾದಲ್ಲಿ ಅದೇ ಒಂದು ಆಯತ್. ಉಳಿದ 112 ಕಡೆ ಅದನ್ನು ಎಣಿಸಬೇಕೋ ಬೇಡವೋ? ಹಾಳೆಯ ಮೂರನೇ ಸಾಲು.

ಈಗ ಒಂದು ಅಭ್ಯಾಸ. 50ನೇ ಸೂರಾ ‘ಕಾಫ್’ ಎಂಬ ಬಿಡಿ ಅಕ್ಷರದಿಂದಲೇ ಶುರುವಾಗುತ್ತದೆ. 29 ಸೂರಾಗಳು ಹೀಗೆ ಬಿಡಿ ಅಕ್ಷರಗಳಿಂದ ಶುರುವಾಗುತ್ತವೆ, ಅವುಗಳಲ್ಲಿ ಬಳಕೆಯಾದ ಅಕ್ಷರಗಳು 14. ಈ 50ನೇ ಸೂರಾವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಹಾಕಿ. ಪ್ರತಿ ಸಾಲಿನ ಉದ್ದ ಅಳೆಯಿರಿ. ಆಮೇಲೆ ಕಾಫ್ ಅಕ್ಷರವನ್ನೆಲ್ಲ ಅಳಿಸಿ ಮತ್ತೆ ಉದ್ದ ಅಳೆಯಿರಿ. ಎರಡರ ವ್ಯತ್ಯಾಸವೇ ಆ ಸಾಲಿನ ಕಾಫ್‌ಗಳ ಸಂಖ್ಯೆ. ಎಲ್ಲವನ್ನೂ ಕೂಡಿಸಿದರೆ 57 ಬರಬೇಕು. ಆರಂಭದ ಬಿಡಿ ಅಕ್ಷರಗಳಲ್ಲಿ ಈ ಕಾಫ್ ಇರುವ ಇನ್ನೊಂದು ಸೂರಾ 42. ಅಲ್ಲೂ 57. ಎರಡೂ ಸೇರಿ 114. ನಿಮಗೆ ಬೇರೆ ಉತ್ತರ ಬಂದರೆ ಫೈಲೋ ಸೂತ್ರವೋ ತಪ್ಪಿದೆ ಎಂದು ತಿಳಿಯಿರಿ.

19ರ ಹಿಂದೆ ಹೋದವರ ದಾರಿ

57 ಅಂದರೆ 19 × 3. ಇಲ್ಲಿಂದಲೇ ಈ ಕ್ಷೇತ್ರದ ದೊಡ್ಡ ಕಥೆ ಶುರುವಾಗುತ್ತದೆ. ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದ ಟ್ಯೂಸಾನ್ ನಗರದಲ್ಲಿ ನೆಲೆಸಿದ್ದ ರಶಾದ್ ಖಲೀಫಾ ಜೀವರಸಾಯನ ವಿಜ್ಞಾನಿ. 74ನೇ ಸೂರಾದ 30ನೇ ಆಯತ್‌ನಲ್ಲಿ ‘ಅದರ ಮೇಲೆ ಹತ್ತೊಂಬತ್ತು’ ಎಂಬ ಮಾತಿದೆ. ಇಡೀ ಗ್ರಂಥ 19ರ ಮೇಲೆ ಹೆಣೆದಿದೆ ಎಂದು ಅವರು 1974ರಲ್ಲಿ ಹೇಳಿದರು. ಸೂರಾ 114 ಅಂದರೆ 19 × 6. ಬಿಸ್ಮಿಲ್ಲಾ ಸೂರಾಗಳ ಆರಂಭದಲ್ಲಿ 113 ಕಡೆ, 27ನೇ ಸೂರಾದ 30ನೇ ಆಯತ್ ಒಳಗೆ ಇನ್ನೊಂದು, ಹೀಗೆ ಅದೂ 114. ಇವೆಲ್ಲ ನಿಜವಾದ ಎಣಿಕೆಗಳೇ. ‘ರಹ್ಮಾನ್’ 57 ಸಲ ಬರುತ್ತದೆ ಎಂಬುದೂ ನಿಜ.

ಮುಂದೆ ಏನಾಯಿತು ನೋಡಿ. 68ನೇ ಸೂರಾ ‘ನೂನ್’ ಅಕ್ಷರದಿಂದ ಶುರು. ಅಲ್ಲಿ ನೂನ್ 133 ಸಲ, 19 × 7 ಎಂದರು. ಆ ಸಂಖ್ಯೆ ಬರಬೇಕಾದರೆ ಆರಂಭದ ಒಂದೇ ಅಕ್ಷರವನ್ನು ‘ನೂನ್, ವಾವ್, ನೂನ್’ ಎಂದು ಬಿಡಿಸಿ ಬರೆಯಬೇಕು. ಕಾಫ್‌ನಲ್ಲಿ ಹಾಗೆ ಬಿಡಿಸಲಿಲ್ಲ. ಸಾದ್ ಅಕ್ಷರದ ಲೆಕ್ಕ 152 ಆಗಬೇಕಿತ್ತು. ಅದಕ್ಕಾಗಿ 7ನೇ ಸೂರಾದ 69ನೇ ಆಯತ್‌ನ ‘ಬಸ್ತತನ್’ ಎಂಬ ಪದದ ಸಾದ್ ತೆಗೆದು ಸೀನ್ ಇಟ್ಟರು. ನಮ್ಮ ಪ್ರತಿಗಳಲ್ಲಿ ಅಲ್ಲಿ ಸಾದ್ ಇದೆ, ಮೇಲೆ ಚಿಕ್ಕ ಸೀನ್ ಇದೆ.

ಕೊನೆಗೆ ಒಟ್ಟು ಆಯತ್‌ಗಳ ಲೆಕ್ಕ. 6236ಕ್ಕೆ ಸಂಖ್ಯೆ ಇಲ್ಲದ 112 ಬಿಸ್ಮಿಲ್ಲಾ ಸೇರಿಸಿದರೆ 6348. ಅದು 19ರಿಂದ ಭಾಗವಾಗುವುದಿಲ್ಲ, 2 ಉಳಿಯುತ್ತದೆ. 9ನೇ ಸೂರಾದ ಕೊನೆಯ ಎರಡು ಆಯತ್‌ಗಳು, 128 ಮತ್ತು 129, ಕುರ್‌ಆನಿಗೆ ಸೇರಿದ್ದೇ ಅಲ್ಲ ಎಂದು ಖಲೀಫಾ ಹೇಳಿಬಿಟ್ಟರು. ಆಗ 6346, 19 × 334. ಮುಸ್ಲಿಂ ವಿದ್ವಾಂಸರು ಇದನ್ನು ಖಂಡಿಸಿದರು. 1990ರ ಜನವರಿ 31ರಂದು ಟ್ಯೂಸಾನ್‌ನಲ್ಲಿ ಅವರ ಕೊಲೆಯಾಯಿತು.

ಆ ಸಾವು ನನಗೆ ಇವತ್ತಿಗೂ ನೋವು ಕೊಡುತ್ತದೆ. ಲೆಕ್ಕ ತಪ್ಪಾದರೆ ಅದಕ್ಕೆ ಉತ್ತರ ಇನ್ನೊಂದು ಲೆಕ್ಕ. ಅದರ ಜೊತೆಗೆ ಈ ಕಥೆ ಮತ್ತೊಂದನ್ನೂ ತೋರಿಸುತ್ತದೆ. ಪಠ್ಯವನ್ನು ಅರಿಯಲು ಸಂಖ್ಯೆ ಹುಡುಕಿ ಹೊರಟವರು ಸಂಖ್ಯೆಗಾಗಿ ಪಠ್ಯವನ್ನೇ ಕತ್ತರಿಸುವ ಕಡೆ ಬಂದು ನಿಂತರು. ಮೊದಲ ಹೆಜ್ಜೆ ಚಿಕ್ಕದು, ಒಂದು ನೂನ್. ನಿಮ್ಮ ಹಾಳೆಯ ನಿಯಮವನ್ನು ‘ಇದೊಂದು ಸಲ’ ಎಂದು ಸಡಿಲಿಸಬೇಕು ಅನಿಸಿದಾಗ ಆ ನೂನ್ ನೆನಪಿಗೆ ಬರಲಿ.

ಪದಗಳನ್ನು ಎಣಿಸುವಾಗ

‘ದಿನ’ ಎಂಬ ಪದ ಕುರ್‌ಆನಿನಲ್ಲಿ 365 ಸಲ, ‘ತಿಂಗಳು’ 12 ಸಲ. ಈ ಸಂದೇಶ ವರ್ಷಕ್ಕೆ ನಾಲ್ಕು ಸಲ ನನ್ನ ಫೋನಿಗೆ ಬರುತ್ತದೆ. ಈಜಿಪ್ಟಿನ ಅಬ್ದುರ್ರಝಾಕ್ ನೌಫಲ್ ಇಂಥ ಜೋಡಿ ಎಣಿಕೆಗಳನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಒಮ್ಮೆ ನಾನೂ ಇದನ್ನು ಪರೀಕ್ಷಿಸದೆ ಮಕ್ಕಳ ಮುಂದೆ ಹೇಳಿದ್ದೆ. ಒಬ್ಬ ಹುಡುಗಿ ಮನೆಗೆ ಹೋಗಿ ಹುಡುಕಿ, ಮರುದಿನ ‘ಸರ್, 405 ಬಂತು’ ಎಂದಳು. ಅವಳು ಹೇಳಿದ್ದು ಸರಿ ಇತ್ತು.

ಬಿಡಿಸಿ ನೋಡೋಣ. ‘ಯೌಮ್’ ಎಂಬ ನಾಮಪದ ಎಲ್ಲಾ ರೂಪ ಸೇರಿ 405. ಅದರಲ್ಲಿ ಬಹುವಚನ ‘ಅಯ್ಯಾಮ್’ 27, ದ್ವಿವಚನ 3. ‘ನಿಮ್ಮ ದಿನ’, ‘ಅವರ ದಿನ’ ಎಂದು ಸರ್ವನಾಮ ಅಂಟಿದ ರೂಪಗಳು 10. ಇವನ್ನೆಲ್ಲ ಬಿಟ್ಟರೆ 365 ಉಳಿಯುತ್ತದೆ. ‘ಆ ದಿನ’ ಎಂಬರ್ಥದ ‘ಯೌಮಇದಿನ್’ ಬೇರೆ 70 ಸಲ ಇದೆ, ಅದನ್ನು ಇಲ್ಲಿ ಸೇರಿಸಿಯೇ ಇಲ್ಲ. ಬಹುವಚನ ಬಿಡುವುದಕ್ಕೆ ಒಂದು ಕಾರಣ ಕೊಡಬಹುದು. ‘ನಿಮ್ಮ ದಿನ’ ಎಂಬುದು ಏಕವಚನವೇ, ಅದನ್ನು ಬಿಡುವುದಕ್ಕೆ ಕಾರಣ ಏನು? ‘ತಿಂಗಳು’ ಏಕವಚನದಲ್ಲಿ 12 ಎಂಬುದು ಯಾವ ಕಸರತ್ತೂ ಇಲ್ಲದೆ ಬರುತ್ತದೆ. ಒಂದು ನೇರ, ಇನ್ನೊಂದು ಸೋಸಿ ತೆಗೆದದ್ದು.

ಸಮುದ್ರ ಮತ್ತು ನೆಲದ ಲೆಕ್ಕ ಇನ್ನೂ ಸ್ಪಷ್ಟ. ಸಮುದ್ರ 32, ನೆಲ 13, ಒಟ್ಟು 45. 32ನ್ನು 45ರಿಂದ ಭಾಗಿಸಿದರೆ ಶೇಕಡಾ 71.1, ಭೂಮಿಯ ಮೇಲಿನ ನೀರಿನ ಪಾಲು ಎನ್ನುತ್ತಾರೆ. ‘ಬರ್ರ್’ ಎಂಬ ನೆಲದ ಪದ ಈ ಲೆಕ್ಕದಲ್ಲಿ 12. ಹದಿಮೂರನೆಯದಾಗಿ ಸೇರಿಸಿದ್ದು ‘ಯಬಸ್’, ಒಣನೆಲ ಎಂಬ ಬೇರೆಯೇ ಪದ. ಅದು 20ನೇ ಸೂರಾದ 77ನೇ ಆಯತ್‌ನಲ್ಲಿದೆ. ಸಮುದ್ರದೊಳಗೆ ಒಣದಾರಿ ಮಾಡಿಕೊಡು ಎಂದು ಪ್ರವಾದಿ ಮೂಸಾರಿಗೆ (ಮೋಸೆಸ್) ಹೇಳುವ ಜಾಗ. ಸರಿ, ಸಮಾನಾರ್ಥಕ ಪದ ಸೇರಿಸಬಹುದು ಎಂದಾದರೆ ಬೆರಳನ್ನು ಒಂದೇ ಸಾಲು ಕೆಳಗೆ ತನ್ನಿ. 78ನೇ ಆಯತ್‌ನಲ್ಲಿ ಸಮುದ್ರಕ್ಕೆ ‘ಯಮ್ಮ್’ ಎಂಬ ಪದ ಇದೆ. ಕುರ್‌ಆನಿನಲ್ಲಿ ಅದು 8 ಸಲ ಬರುತ್ತದೆ. ನೆಲದ ಸಮಾನಾರ್ಥಕ ಎಣಿಕೆಗೆ ಬಂತು, ಪಕ್ಕದಲ್ಲೇ ಇರುವ ಸಮುದ್ರದ್ದು ಬರಲಿಲ್ಲ.

‘ದುನ್ಯಾ’ 115, ‘ಆಖಿರಾ’ 115 ಎಂಬುದು ಪದಗಳ ಮಟ್ಟದಲ್ಲಿ ನಿಲ್ಲುತ್ತದೆ. ಅರ್ಥದ ಮಟ್ಟದಲ್ಲಿ ‘ಇಹ, ಪರ’ ಎಂದರೆ ಸಡಿಲವಾಗುತ್ತದೆ. 67ನೇ ಸೂರಾದ 5ನೇ ಆಯತ್‌ನಲ್ಲಿ ‘ದುನ್ಯಾ’ ಅಂದರೆ ಹತ್ತಿರದ ಆಕಾಶ. 38ನೇ ಸೂರಾದ 7ನೆಯದರಲ್ಲಿ ‘ಆಖಿರಾ’ ಅಂದರೆ ಈಚಿನ ಧರ್ಮ. ಈಸಾ (ಯೇಸು) 25, ಆದಮ್ 25 ಎಂಬುದು ಮಾತ್ರ ಹೆಸರುಗಳ ಎಣಿಕೆ, ಆದ್ದರಿಂದ ಜಗ್ಗಾಟಕ್ಕೆ ಜಾಗವಿಲ್ಲ. 3ನೇ ಸೂರಾದ 59ನೇ ಆಯತ್ ಇವರಿಬ್ಬರನ್ನೂ ಹೋಲಿಸುತ್ತದೆ. ನನಗೆ ಇದು ಇಷ್ಟ. ಇಷ್ಟ ಎನ್ನುವುದಕ್ಕೂ ಪುರಾವೆ ಎನ್ನುವುದಕ್ಕೂ ನಡುವೆ ಇನ್ನೊಂದು ಕೆಲಸ ಬಾಕಿ ಇದೆ.

ಸುಮ್ನೆ ಬರುವುದು ಎಷ್ಟು?

ಯಾವುದೋ ಒಂದು ಸಂಖ್ಯೆ 19ರಿಂದ ಭಾಗವಾಗುವ ಸಾಧ್ಯತೆ 19ರಲ್ಲಿ 1. ಕಡಿಮೆ ಅನಿಸುತ್ತದೆ. ಆದರೆ 20 ಬೇರೆ ಬೇರೆ ಎಣಿಕೆ ಮಾಡಿ ನೋಡಿದರೆ ಒಂದಾದರೂ ಭಾಗವಾಗುವ ಸಾಧ್ಯತೆ ಸುಮಾರು ಶೇಕಡಾ 66. ಅರವತ್ತು ಎಣಿಕೆ ಮಾಡಿದರೆ ಶೇಕಡಾ 96. ಆದ್ದರಿಂದ ಬಂದ ಎಣಿಕೆಯನ್ನಷ್ಟೇ ಅಲ್ಲ, ಬಾರದ ಎಣಿಕೆಯನ್ನೂ ಹಾಳೆಯಲ್ಲಿ ಬರೆಯಿರಿ. ಈ ಕೆಲಸದಲ್ಲಿ ಅತಿ ಬೇಸರದ ಭಾಗ ಇದು, ಅತಿ ಮುಖ್ಯ ಭಾಗವೂ ಇದೇ.

ಇನ್ನೊಂದು ಒಳ್ಳೆಯ ಪ್ರಯೋಗ ಮನೆಯಲ್ಲೇ ಮಾಡಬಹುದು. ಶೀಟಿನ ಮೊದಲ ಕಾಲಂನಲ್ಲಿ 1ರಿಂದ 114, ಎರಡನೆಯದರಲ್ಲಿ ಆ ಸೂರಾದ ಆಯತ್ ಸಂಖ್ಯೆ. ಮೂರನೆಯದರಲ್ಲಿ ಎರಡರ ಮೊತ್ತ. ಫಾತಿಹಾ 1 + 7 = 8, ಬಕರಾ 2 + 286 = 288. ಹೀಗೆ 114 ಮೊತ್ತ. ಈಗ ಸಮಸಂಖ್ಯೆಗಳನ್ನು ಬೇರೆ, ಬೆಸಸಂಖ್ಯೆಗಳನ್ನು ಬೇರೆ ಕೂಡಿಸಿ. ಸಮ 57, ಬೆಸ 57 ಬರುತ್ತವೆ. ಸಮದ ಮೊತ್ತ 6236, ಅಂದರೆ ಒಟ್ಟು ಆಯತ್‌ಗಳು. ಬೆಸದ ಮೊತ್ತ 6555, ಅಂದರೆ 1ರಿಂದ 114ರವರೆಗಿನ ಸಂಖ್ಯೆಗಳ ಮೊತ್ತ.

ಇದು ಯಾರೂ ತಿದ್ದಿ ತಂದದ್ದಲ್ಲ, ಐದು ನಿಮಿಷದಲ್ಲಿ ನೀವೇ ನೋಡಬಹುದು. ನಾನು ನೋಡಿದ ಎಣಿಕೆಗಳಲ್ಲಿ ಇದು ಅತಿ ಚೆಂದದ್ದು. ಆದರೂ ಎರಡು ಪರೀಕ್ಷೆ ಮಾಡಿ. ಬಕರಾಗೆ 286ರ ಬದಲು ಮದೀನಾದ 285 ಹಾಕಿ. 287 ಬೆಸ ಆಗುತ್ತದೆ, ಇಡೀ ಸಮತೋಲನ ಕುಸಿಯುತ್ತದೆ. ಅಂದರೆ ಇದು ಕೂಫಾ ಎಣಿಕೆಯ ಗುಣ. ಎರಡನೆಯದು, ಪಕ್ಕದ ಕಾಲಂನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಹಾಕಿ, ಅದರ ಪ್ರಕಾರ ಆಯತ್ ಸಂಖ್ಯೆಗಳ ಕಾಲಂ ಮಾತ್ರ ಕಲಸಿ. ಇಸ್ಪೀಟ್ ಎಲೆ ಕಲಸಿದ ಹಾಗೆ. ಒಟ್ಟು 6236 ಹಾಗೇ ಇರುತ್ತದೆ, ಜಾಗ ಮಾತ್ರ ಬದಲು. ಹೀಗೆ ಸಾವಿರಾರು ಸಲ ಕಲಸಿ, ಎಷ್ಟು ಸಲ ಸಮದ ಮೊತ್ತ 6236 ಬರುತ್ತದೆ ಎಂದು ಬರೆದುಕೊಳ್ಳಿ. ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಹತ್ತು ಸಾಲಿನ ಕೆಲಸ. ಬಂದ ಅಂಕಿಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಬರೆಯಿರಿ: ಮೊತ್ತದ ಬದಲು ವ್ಯತ್ಯಾಸ, ಗುಣಾಕಾರ, ಹಿಂದಿನಿಂದ ಎಣಿಸಿದ ಕ್ರಮ, ಇದರಲ್ಲಿ ಯಾವುದು ಹೊಂದಿದ್ದರೂ ನಾನು ಇಷ್ಟೇ ಸಂತೋಷಪಡುತ್ತಿದ್ದೆನೇ?

ಹೀಬ್ರೂ ಬೈಬಲ್ ಬಗ್ಗೆಯೂ ಇದೇ ಆಯಿತು. ಅದರ ಮೊದಲ ಪುಸ್ತಕದಲ್ಲಿ ಸಮಾನ ಅಂತರದ ಅಕ್ಷರಗಳನ್ನು ಹೆಕ್ಕಿದರೆ ಮುಂದೆ ಬರಲಿದ್ದ ರಬ್ಬಿಗಳ ಹೆಸರು, ದಿನಾಂಕ ಅಕ್ಕಪಕ್ಕ ಸಿಗುತ್ತವೆ ಎಂಬ ಪ್ರಬಂಧ 1994ರಲ್ಲಿ ಒಂದು ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲೇ ಬಂತು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಬ್ರೆಂಡನ್ ಮೆಕೇ ಮತ್ತು ಸಂಗಡಿಗರು ಉತ್ತರಿಸಿದರು. ಹೆಸರುಗಳ ಪಟ್ಟಿಯಲ್ಲಿ ಇದ್ದ ಆಯ್ಕೆಯ ಸ್ವಾತಂತ್ರ್ಯವೇ ಆ ಫಲಿತಾಂಶಕ್ಕೆ ಸಾಕು ಎಂದು ತೋರಿಸಿದರು.

ಕಿವಿಗೆ ಕೇಳುವ ಲೆಕ್ಕ

ನಮ್ಮ ಭಾಮಿನಿ ಷಟ್ಪದಿಯಲ್ಲಿ ಮಾತ್ರೆ ಎಣಿಸಿದರೆ ಲೆಕ್ಕ ತಪ್ಪದು. 3, 4, 3, 4. ಮೂರನೇ ಸಾಲಿನಲ್ಲಿ ಅದು ಒಂದೂವರೆ ಪಟ್ಟು ದೂರ ಓಡಿ ಗುರುವಿನ ಮೇಲೆ ನಿಲ್ಲುತ್ತದೆ. ಆ ಲೆಕ್ಕ ಯಾರೂ ಆಮೇಲೆ ಹುಡುಕಿದ್ದಲ್ಲ, ಕೇಳುವವರ ಕಿವಿಗೇ ಬೀಳುತ್ತದೆ. ಕುರ್‌ಆನಿನಲ್ಲೂ ಕೇಳಿಸುವ ಲೆಕ್ಕ ಇದೆ. ನನ್ನ ಮಟ್ಟಿಗೆ ಹುಡುಕಲು ಅತಿ ಫಲವತ್ತಾದ ಜಾಗ ಅದು.

55ನೇ ಸೂರಾ ಅರ್ರಹ್ಮಾನ್ ತೆಗೆಯಿರಿ. 78 ಆಯತ್. ‘ಫಬಿಅಯ್ಯಿ ಆಲಾಇ ರಬ್ಬಿಕುಮಾ ತುಕದ್ದಿಬಾನ್’, ನಿಮ್ಮ ಪ್ರಭುವಿನ ಯಾವ ಅನುಗ್ರಹಗಳನ್ನು ನೀವಿಬ್ಬರೂ ಸುಳ್ಳೆನ್ನುವಿರಿ ಎಂಬ ಪಲ್ಲವಿ 31 ಸಲ ಬರುತ್ತದೆ. ಅದು ಬರುವ ಆಯತ್ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ: 13, 16, 18, 21, 23, 25, 28, 30. ಇಲ್ಲಿ ಒಂದು ಗೆರೆ ಎಳೆಯಿರಿ. ಇವು 8. ಸೃಷ್ಟಿಯ ವರ್ಣನೆ ಇಲ್ಲಿಗೆ ಮುಗಿಯುತ್ತದೆ. 31ನೇ ಆಯತ್‌ನಿಂದ ಧ್ವನಿ ಬದಲಾಗುತ್ತದೆ, ಎಚ್ಚರಿಕೆ ಮತ್ತು ನರಕ. ಅಲ್ಲಿ ಪಲ್ಲವಿ 32, 34, 36, 38, 40, 42, 45. ಇವು 7. 46ರಲ್ಲಿ ‘ಎರಡು ತೋಟಗಳು’ ಬರುತ್ತವೆ. 47ರಿಂದ 61ರವರೆಗೆ ಪಲ್ಲವಿ 8 ಸಲ. 62ರಲ್ಲಿ ‘ಅವೆರಡರ ಹೊರತು ಇನ್ನೆರಡು ತೋಟಗಳು’. 63ರಿಂದ 77ರವರೆಗೆ ಮತ್ತೆ 8.

ಈಗ ಅಂತರಗಳನ್ನು ನೋಡಿ. ಮೊದಲ ಭಾಗದಲ್ಲಿ 3, 2, 3, 2, 2, 3, 2. ಹೆಜ್ಜೆ ಏರುಪೇರು. ಎರಡನೆಯದು ಎರಡೆರಡಾಗಿ ಬಂದು ಕೊನೆಗೆ ಒಮ್ಮೆ 3ಕ್ಕೆ ಎಡವುತ್ತದೆ, ನರಕದ ಮಾತು ಬಂದಲ್ಲಿ. ತೋಟಗಳು ಶುರುವಾದ ಮೇಲೆ ಕೊನೆಯವರೆಗೂ ಬರೀ 2, ಒಂದು ಸಲವೂ ತಪ್ಪುವುದಿಲ್ಲ. ವರ್ಣನೆಯ ಒಂದು ಸಾಲು, ಪಲ್ಲವಿಯ ಒಂದು ಸಾಲು. ತೋಟ ಎರಡು, ಚಿಲುಮೆ ಎರಡು, ಕೇಳುವವರೂ ಇಬ್ಬರು. ಎರಡೆಂಬುದು ವ್ಯಾಕರಣದಲ್ಲೂ ಇದೆ, ಪ್ರಾಸದಲ್ಲೂ ಇದೆ, ಅಂತರದಲ್ಲೂ ಇದೆ.

ಇಲ್ಲಿ ಗೆರೆ ಎಳೆದ ಜಾಗಗಳನ್ನು ಸಂಖ್ಯೆ ನೋಡಿ ಆರಿಸಲಿಲ್ಲ, ವಿಷಯ ಬದಲಾದ ಕಡೆ ಎಳೆದೆವು. ವ್ಯತ್ಯಾಸ ಇರುವುದು ಅಲ್ಲೇ. ಯಾವುದಾದರೂ ಒಳ್ಳೆಯ ಪಾರಾಯಣ ಹಾಕಿಕೊಂಡು, ಕಣ್ಣು ಮುಚ್ಚಿ, ಪಲ್ಲವಿ ಬಂದಾಗಲೆಲ್ಲ ಒಂದು ಗೀಟು ಹಾಕಿ ನೋಡಿ. 46 ದಾಟಿದ ಮೇಲೆ ಕೈ ತಾನಾಗಿಯೇ ತಾಳಕ್ಕೆ ಬೀಳುತ್ತದೆ.

ರಚನೆಯನ್ನು ಹೀಗೆ ಓದುವ ಪರಂಪರೆ ನಮ್ಮ ದೇಶದಲ್ಲೇ ಗಟ್ಟಿಯಾಗಿ ಬೆಳೆದಿದೆ. ಉತ್ತರ ಪ್ರದೇಶದ ಆಝಮ್‌ಗಢ ಕಡೆಯ ಹಮೀದುದ್ದೀನ್ ಫರಾಹಿ (1863–1930) ಸೂರಾದ ಒಳಗಿನ ಹೆಣಿಗೆಯನ್ನು ‘ನಝ್ಮ್’ ಎಂದು ಕರೆದು ಅದನ್ನೇ ಅಧ್ಯಯನದ ಬುನಾದಿ ಮಾಡಿದರು. ಅವರ ಶಿಷ್ಯ ಅಮೀನ್ ಅಹ್ಸನ್ ಇಸ್ಲಾಹಿ (1904–1997) ಸೂರಾಗಳು ಜೋಡಿ ಜೋಡಿಯಾಗಿ ನಿಲ್ಲುತ್ತವೆ ಎಂದು ವಿವರಿಸಿದರು.

ಆಯತುಲ್ ಕುರ್ಸಿ, ಅಂದರೆ 2ನೇ ಸೂರಾದ 255ನೇ ಆಯತ್, ಮುಂದಿನ ಅಭ್ಯಾಸಕ್ಕೆ ಸರಿಯಾದದ್ದು. ಅದನ್ನು ಒಂಬತ್ತು ವಾಕ್ಯಗಳಾಗಿ ಬಿಡಿಸಿ. ಮೊದಲನೆಯದು ಎರಡು ನಾಮಗಳಿಂದ ಮುಗಿಯುತ್ತದೆ, ಒಂಬತ್ತನೆಯದೂ ಎರಡು ನಾಮಗಳಿಂದ. ಎರಡನೆಯದರಲ್ಲಿ ತೂಕಡಿಕೆ, ನಿದ್ದೆ ಇಲ್ಲ, ಎಂಟನೆಯದರಲ್ಲಿ ದಣಿವಿಲ್ಲ. ಮೂರರಲ್ಲೂ ಏಳರಲ್ಲೂ ಆಕಾಶಗಳು ಮತ್ತು ಭೂಮಿ. ನಾಲ್ಕರಲ್ಲಿ ಅವನ ಅನುಮತಿ ಇಲ್ಲದೆ ಇಲ್ಲ, ಆರರಲ್ಲಿ ಅವನು ಬಯಸಿದ್ದರ ಹೊರತು ಇಲ್ಲ. ನಡುವೆ ಐದನೆಯದು, ಮುಂದಿರುವುದನ್ನೂ ಹಿಂದಿರುವುದನ್ನೂ ಅವನು ಬಲ್ಲ. ಇಲ್ಲೂ ಹಾಳೆಯ ನಿಯಮ ಸಡಿಲಿಸಬೇಡಿ. ಒಂಬತ್ತಾಗಿ ಒಡೆದದ್ದು ನಾವು. ಅರಬ್ಬಿ ಬಲ್ಲವರೊಬ್ಬರಿಗೆ ಈ ಜೋಡಿಗಳ ಮಾತೇ ಎತ್ತದೆ, ‘ಇದರಲ್ಲಿ ವಾಕ್ಯ ಎಷ್ಟು, ಎಲ್ಲಿ ಒಡೆಯುತ್ತೀರಿ?’ ಎಂದು ಕೇಳಿ. ಅವರು ಒಡೆದ ಜಾಗಗಳಲ್ಲೂ ಜೋಡಿ ನಿಂತರೆ ಆಗ ಬರೆದುಕೊಳ್ಳಿ.

ಅದಾದ ಮೇಲೆ 26ನೇ ಸೂರಾ ಅಶ್ಶುಅರಾ ಹಿಡಿಯಿರಿ. ಅಲ್ಲಿ ಎರಡು ಆಯತ್‌ಗಳ ಪಲ್ಲವಿ 8 ಸಲ ಬರುತ್ತದೆ, ಮೊದಲ ಸಲ 8 ಮತ್ತು 9ರಲ್ಲಿ, ಕೊನೆಯ ಸಲ 190 ಮತ್ತು 191ರಲ್ಲಿ. ನಡುವಿನ ಏಳು ಖಾಲಿ ಜಾಗಗಳ ಉದ್ದವನ್ನು ಮೊದಲು ಬರೆದುಕೊಂಡು, ಆಮೇಲೆ ಪ್ರತಿಯೊಂದರಲ್ಲಿ ಯಾವ ಪ್ರವಾದಿಯ ಕಥೆ ಇದೆ ಎಂದು ಪಕ್ಕದಲ್ಲಿ ಬರೆಯಿರಿ. ಮೂಸಾರ ಕಥೆ 10ರಿಂದ ಶುರು.